ಎಲ್ಲವನ್ನೂ ಹೊರಗಿಟ್ಟು ಆರಿಸಿಕೊಳ್ಳುವ ಕಸುಬು

ಯುಗಾದಿ ಹತ್ತಿರ ಬಂತೆಂದರೆ ನಮ್ಮಜ್ಜಿ ಅಡುಗೆಮನೆಯ ಡಬ್ಬಿ, ಪಾತ್ರೆ, ಚೀಲಗಳನ್ನೆಲ್ಲ ಅಂಗಳಕ್ಕೆ ತರಿಸುತ್ತಿದ್ದಳು. ಬೇಡದ್ದನ್ನು ಹುಡುಕಿ ಎಸೆಯುವ ಗೋಜೇ ಇಲ್ಲ. ಎಲ್ಲ ಹೊರಗೆ ಬಂದ ಮೇಲೆ ಬೇಕಾದ್ದಷ್ಟೇ ಒಳಗೆ ಹೋಗುತ್ತಿತ್ತು. ಅಂಗಳದಲ್ಲಿ ಉಳಿದದ್ದು ಕಸ. ನಮ್ಮ ಮೂತ್ರಪಿಂಡಗಳ ಕಸುಬೂ ಇದೇ ಎಂದು ತಿಳಿದ ದಿನದ ಬೆರಗು ನನ್ನಲ್ಲಿ ಇನ್ನೂ ಹಾಗೇ ಇದೆ.

ಮುಷ್ಟಿಗಾತ್ರದ, ಸುಮಾರು 150 ಗ್ರಾಂ ತೂಗುವ ಒಂದೊಂದು ಕಿಡ್ನಿಯಲ್ಲೂ ಹತ್ತಿರ ಹತ್ತಿರ 10 ಲಕ್ಷ ನೆಫ್ರಾನ್‌ಗಳಿವೆ. ನೆಫ್ರಾನ್ ಎಂದರೆ ತಲೆಯಲ್ಲೊಂದು ಜರಡಿ, ಅದರ ಹಿಂದೆ ಉದ್ದನೆಯ ಸಣ್ಣ ಕೊಳವೆ. ಜರಡಿ ರಕ್ತಕಣಗಳನ್ನೂ ಪ್ರೋಟೀನನ್ನೂ ತಡೆದು, ಮಿಕ್ಕ ನೀರು, ಉಪ್ಪು, ಸಕ್ಕರೆ, ಯೂರಿಯಾ ಎಲ್ಲವನ್ನೂ ಕೊಳವೆಗೆ ಬಿಡುತ್ತದೆ. ದಿನಕ್ಕೆ ಹೀಗೆ ಸೋಸುವುದು ಸುಮಾರು 180 ಲೀಟರ್. ಮೂತ್ರವಾಗಿ ಹೋಗುವುದು ಒಂದೂವರೆ ಲೀಟರ್ ಅಷ್ಟೆ. ಉಳಿದದ್ದನ್ನೆಲ್ಲ ಕೊಳವೆಯ ಗೋಡೆಗಳು ಆರಿಸಿ ರಕ್ತಕ್ಕೆ ಮರಳಿಸುತ್ತವೆ. ಮೊದಮೊದಲು ಇದು ನನಗೆ ವ್ಯರ್ಥ ದುಡಿಮೆಯಂತೆ ಕಂಡಿತ್ತು. ಆದರೆ ಯೋಚಿಸಿ: ನಾಳೆ ನಾವು ನುಂಗುವ ಹೊಸ ಔಷಧಿಯ ಗುರುತು ಕಿಡ್ನಿಗೆ ಇರಬೇಕಾಗಿಲ್ಲ. ತನ್ನವು ಯಾವುವೆಂದು ಗೊತ್ತಿದ್ದರೆ ಸಾಕು.

ಸಕ್ಕರೆಯನ್ನು ಅದು ಒಂದು ಕಣವೂ ಬಿಡದಂತೆ ಹಿಂಪಡೆಯುತ್ತದೆ. ರಕ್ತದಲ್ಲಿ ಸಕ್ಕರೆ ಮಿತಿಮೀರಿದಾಗ ಮಾತ್ರ ಎತ್ತುವ ಕೈಗಳು ಸಾಲದೆ ಮೂತ್ರಕ್ಕೆ ಸೋರುತ್ತದೆ. ಸಕ್ಕರೆ ಕಾಯಿಲೆಗೆ ಸಿಹಿಮೂತ್ರ ಎಂಬ ಹಳೆಯ ಹೆಸರು ಬಂದದ್ದು ಅದರಿಂದಲೇ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನೀರಿನ ಲೆಕ್ಕ. ಕೊಳವೆ ನಡುವೆ ಹೆಣ್ಣುಮಕ್ಕಳ ಹೇರ್‌ಪಿನ್ನಿನಂತೆ ಬಾಗಿ, ಕೆಳಗಿಳಿದು ಮೇಲೇರುತ್ತದೆ. ಇಳಿಯುವ ಭಾಗ ನೀರನ್ನು ಹೊರಬಿಡುತ್ತದೆ. ಏರುವ ಭಾಗ ನೀರಿಗೆ ದಾರಿ ಕೊಡದೆ ಉಪ್ಪನ್ನು ಮಾತ್ರ ಹೊರದಬ್ಬುತ್ತದೆ. ಇದರಿಂದ ಕಿಡ್ನಿಯ ಒಳಭಾಗ ಆಳಕ್ಕೆ ಹೋದಷ್ಟೂ ಉಪ್ಪಾಗುತ್ತದೆ. ಕಡೆಯ ಕೊಳವೆ ಈ ಉಪ್ಪಿನ ನಡುವೆಯೇ ಹಾಯಬೇಕು. ಉಪ್ಪು ಬೆರೆಸಿಟ್ಟ ಮಾವಿನ ಹೋಳು ಜಾಡಿಯಲ್ಲಿ ನೀರು ಬಿಡುತ್ತದಲ್ಲ, ಹಾಗೆ ಇಲ್ಲೂ ನೀರು ಉಪ್ಪಿನ ಕಡೆ ಹರಿಯಲು ಕಾದಿರುತ್ತದೆ. ಬಾಗಿಲು ತೆರೆಯುವ ಅಪ್ಪಣೆ ಬರುವುದು ಮಿದುಳಿನಿಂದ. ರಾಯಚೂರಿನ ಬಿಸಿಲಲ್ಲಿ ಹೊಲದ ಕೆಲಸ ಮಾಡುವವರ ಮೈ ಬೆವರಿ ಬೆವರಿ ರಕ್ತ ನೂರಕ್ಕೆ ಒಂದರಷ್ಟು ಗಾಢವಾದರೂ ಮಿದುಳಿನ ತಳದ ಕೋಶಗಳಿಗೆ ಗೊತ್ತಾಗುತ್ತದೆ. ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಹೊರಡುತ್ತದೆ, ಕೊಳವೆಯ ಗೋಡೆಯಲ್ಲಿ ನೀರಿನ ಬಾಗಿಲುಗಳು ತೆರೆಯುತ್ತವೆ, ಮೂತ್ರ ಕಡಿಮೆಯಾಗಿ ಕಡುಹಳದಿಯಾಗುತ್ತದೆ. ಬಾಯಾರಿಕೆಯೂ ಆಗಲೇ ಹುಟ್ಟುತ್ತದೆ. ಎರಡು ಚೊಂಬು ಮಜ್ಜಿಗೆ ಕುಡಿದರೆ ಹಾರ್ಮೋನು ತಗ್ಗಿ ಬಾಗಿಲುಗಳು ಮುಚ್ಚುತ್ತವೆ.

ಪೊಟ್ಯಾಸಿಯಂ, ಆಮ್ಲ, ರಕ್ತದೊತ್ತಡಗಳ ಹದವನ್ನೂ ಕಿಡ್ನಿ ಹೀಗೆಯೇ ಕಾಯುತ್ತದೆ. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 19ನೇ ಶತಮಾನದಲ್ಲಿ ದೇಹದೊಳಗಿನ ಈ ಪರಿಸರದತ್ತ ಗಮನ ಸೆಳೆದ. ಅದರ ಸ್ಥಿರತೆಗೆ ಹೋಮಿಯೋಸ್ಟಾಸಿಸ್ ಎಂಬ ಹೆಸರಿಟ್ಟವನು ಅಮೆರಿಕದ ವಾಲ್ಟರ್ ಕ್ಯಾನನ್.

ಇಷ್ಟು ದುಡಿಯುವ ಅಂಗ ಕೆಟ್ಟಾಗ ಬಹುಕಾಲ ನೋವನ್ನೇ ತೋರಿಸುವುದಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ದಯವಿಟ್ಟು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿ. ವೈದ್ಯರನ್ನು ಕೇಳದೆ ದಿನದಿನವೂ ನೋವಿನ ಮಾತ್ರೆ ನುಂಗಬೇಡಿ.