ಮೆಕ್ಸಿಕೊ ಸಂತೆಯಲ್ಲೂ ಕೊಸರು ಕೊಡುತ್ತಾರೆ

ಮೆಕ್ಸಿಕೊ ಸಿಟಿಯ ಬಡಾವಣೆಗಳಲ್ಲಿ ವಾರಕ್ಕೊಂದು ದಿನ ರಸ್ತೆಯೇ ಮಾರುಕಟ್ಟೆಯಾಗುತ್ತದೆ. ಹಿಂದಿನ ರಾತ್ರಿ ಕಾರು ನಿಂತಿದ್ದ ಜಾಗದಲ್ಲಿ ಬೆಳಿಗ್ಗೆ ನೋಡಿದರೆ ಗುಲಾಬಿ ಬಣ್ಣದ ಟಾರ್ಪಾಲು, ಅದರ ಕೆಳಗೆ ಟೊಮೆಟೊ, ಸೀಬೆ, ಪಪ್ಪಾಯಿ ರಾಶಿ. ಸಂಜೆ ಹೊತ್ತಿಗೆ ಎಲ್ಲ ಮಾಯ. ಅಲ್ಲಿ ಇದನ್ನು ‘ತಿಯಾಂಗಿಸ್’ ಅನ್ನುತ್ತಾರೆ. ಇದು ಸ್ಪೇನಿನವರು ಬರುವ ಮುಂಚಿನಿಂದ ಇದ್ದ ನಾವಾಟ್ಲ್ ಭಾಷೆಯಿಂದ ಬಂದ ಪದ. ನನಗೆ ಇದಕ್ಕೆ ಕನ್ನಡ ಪದ ಹುಡುಕುವ ಕಷ್ಟವೇ ಬರಲಿಲ್ಲ. ಸಂತೆ, ಅಷ್ಟೇ.

ಬಿಇ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಓದುತ್ತಿರುವ ನಾನು ವಿದ್ಯಾರ್ಥಿ ವಿನಿಮಯ ಯೋಜನೆಯಡಿ ಒಂದು ಸೆಮಿಸ್ಟರ್ ಅಲ್ಲಿದ್ದೆ. ಫೀಸು, ರೂಮು ಸ್ಕಾಲರ್‌ಶಿಪ್‌ನಲ್ಲಿ ಆಯಿತು. ಊಟ ನನ್ನದೇ. ಆಗ ಒಂದು ಪೆಸೊ ಅಂದರೆ ಹೆಚ್ಚುಕಮ್ಮಿ ನಾಲ್ಕೂವರೆ ರೂಪಾಯಿ ಇತ್ತು. ಮೆನು ನೋಡಿದಾಗಲೆಲ್ಲ ಮನಸ್ಸಿನಲ್ಲೇ ಗುಣಾಕಾರ ಮಾಡಿ, ಹಸಿವಿಲ್ಲ ಅಂದುಕೊಂಡು ಎದ್ದು ಬಂದ ದಿನಗಳಿವೆ. ಹಾಗಾಗಿ ಸಂತೆ ನನಗೆ ಪ್ರವಾಸಿ ತಾಣವಾಗಿರಲಿಲ್ಲ, ಹೊಟ್ಟೆಯ ಪ್ರಶ್ನೆಯಾಗಿತ್ತು.

ಮೇಲಾಗಿ ನಾನು ಸಸ್ಯಾಹಾರಿ. ಹಾಸ್ಟೆಲ್ ಸೇರಿದ ಮೇಲೆ ಮೊಟ್ಟೆಗೆ ಮಾತ್ರ ಅಮ್ಮನ ಅನುಮತಿ ಸಿಕ್ಕಿತ್ತು. ಮೆಕ್ಸಿಕೊದಲ್ಲಿ ‘ಮಾಂಸ ಬೇಡ’ ಅಂದರೆ ಸಾಲದು. ಕೋಳಿಯನ್ನು ಮಾಂಸದ ಲೆಕ್ಕಕ್ಕೆ ಹಿಡಿಯದವರೂ ಇದ್ದಾರೆ. ಬೇಯಿಸಿದ ಕಾಳಿನ ಪಲ್ಯದಲ್ಲಿ, ನಮ್ಮ ಕಡುಬಿನಂತೆ ಹಬೆಯಲ್ಲಿ ಬೇಯಿಸುವ ತಮಾಲ್‌ನ ಹಿಟ್ಟಿನಲ್ಲಿ ಹಂದಿ ಕೊಬ್ಬು ಇರುತ್ತದೆ. ಅದಕ್ಕೆ ‘ಮಾಂತೆಕಾ’ ಎಂದು ಹೆಸರು. ನಾನು ಸರಿಯಾಗಿ ಕಲಿತ ಮೊದಲ ಸ್ಪ್ಯಾನಿಷ್ ವಾಕ್ಯವೇ ‘ಇದರಲ್ಲಿ ಮಾಂತೆಕಾ ಇದೆಯಾ?’.

ನನ್ನನ್ನು ಉಳಿಸಿದ್ದು ತ್ಲಕೋಯೊ. ನೀಲಿ ಮೆಕ್ಕೆಜೋಳದ ಹಿಟ್ಟಿನೊಳಗೆ ಬೇಯಿಸಿದ ಕಾಳು ತುಂಬಿ, ದೋಣಿಯ ಆಕಾರಕ್ಕೆ ತಟ್ಟಿ, ಹೆಂಚಿನ ಮೇಲೆ ಎಣ್ಣೆಯಿಲ್ಲದೆ ಸುಡುತ್ತಾರೆ. ಮೇಲೆ ಪಾಪಾಸುಕಳ್ಳಿಯ ಪಲ್ಯ, ಪುಡಿ ಮಾಡಿದ ಚೀಸ್, ಖಾರದ ಚಟ್ನಿ. ಹೌದು, ಪಾಪಾಸುಕಳ್ಳಿಯೇ. ಮುಳ್ಳು ಹೆರೆದು ಬೇಯಿಸಿದರೆ ಬೆಂಡೆಕಾಯಿಯಂತೆ ಸ್ವಲ್ಪ ಲೋಳೆ, ಸ್ವಲ್ಪ ಹುಳಿ. ಎರಡು ತಿಂದರೆ ಸಂಜೆವರೆಗೆ ಚಿಂತೆಯಿಲ್ಲ.

ಆ ಹಿಟ್ಟಿನ ಹಿಂದೊಂದು ಒಳ್ಳೆಯ ಎಂಜಿನಿಯರಿಂಗ್ ಇದೆ. ಒಣ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ತೊಳೆದು ರುಬ್ಬುತ್ತಾರೆ. ನಾವು ಎಲೆ ಅಡಿಕೆಗೆ ಹಚ್ಚುವುದೂ ಸುಣ್ಣವೇ. ಇದರಿಂದ ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಅಂಟು ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಜೋಳದಲ್ಲಿ ಅಡಗಿರುವ ನಯಾಸಿನ್ ಎಂಬ ವಿಟಮಿನ್ ದೇಹಕ್ಕೆ ದಕ್ಕುತ್ತದೆ. ಯುರೋಪಿನವರು ಜೋಳವನ್ನು ಒಯ್ದರು, ಸುಣ್ಣದ ವಿಧಾನವನ್ನು ಒಯ್ಯಲಿಲ್ಲ. ಮೆಕ್ಕೆಜೋಳವನ್ನೇ ನಂಬಿ ಬದುಕಿದ ಅಲ್ಲಿನ ಬಡವರಿಗೆ ಪೆಲಾಗ್ರ ರೋಗ ಬಂತು. ಲ್ಯಾಬ್ ಇಲ್ಲದ ಕಾಲದಲ್ಲಿ ಇದನ್ನು ಕಂಡುಕೊಂಡ ಹೆಂಗಸರಿಗೆ ಯಾವ ಪೇಟೆಂಟೂ ಸಿಕ್ಕಿಲ್ಲ ಬಿಡಿ.

ನಾನು ತ್ಲಕೋಯೊ ತಿನ್ನುತ್ತಿದ್ದ ಗಾಡಿಯ ಸೆನ್ಯೊರಾಗೆ ನನ್ನ ಅಮ್ಮನಷ್ಟೇ ವಯಸ್ಸು. ಅಲ್ಲಿನ ವ್ಯಾಪಾರಿಗಳು ಹೆಣ್ಣುಮಕ್ಕಳನ್ನು ಕರೆಯುವುದು ‘ಗ್ವೆರಾ’ ಎಂದು. ಅಂದರೆ ಬೆಳ್ಳಗಿರುವವಳು! ನನ್ನ ಇಪ್ಪತ್ತು ವರ್ಷದಲ್ಲಿ ಯಾರೂ ಹಾಗೆ ಕರೆದಿರಲಿಲ್ಲ. ಬಣ್ಣ ಯಾವುದಾದರೂ ಗಿರಾಕಿಯೆಲ್ಲ ಬೆಳ್ಳಗೇ. ಟೋಕನ್, ಬಿಲ್ಲು ಏನೂ ಇಲ್ಲ. ತಿಂದು ಮುಗಿಸಿ ಎಷ್ಟು ತಿಂದೆ ಎಂದು ನಾವೇ ಹೇಳಬೇಕು, ಅವರು ನಂಬುತ್ತಾರೆ. ಪಕ್ಕದಲ್ಲಿ ಹಾದುಹೋಗುವ ಅಪರಿಚಿತರೂ ‘ಪ್ರೊವೆಚೊ’ ಅನ್ನುತ್ತಾರೆ. ಚೆನ್ನಾಗಿ ಊಟ ಮಾಡಿ ಅಂತ. ತರಕಾರಿ ಕೊಂಡರೆ ಮೇಲಿಷ್ಟು ಕೊತ್ತಂಬರಿಯನ್ನೋ ಒಂದು ನಿಂಬೆಯನ್ನೋ ಚೀಲಕ್ಕೆ ಹಾಕುತ್ತಾರೆ. ಅದಕ್ಕೆ ‘ಪಿಲೋನ್’ ಎಂಬ ಹೆಸರೇ ಇದೆ. ನಮ್ಮ ಕೊಸರು!

ಒಂದು ವಿಷಯ ಹೇಳಬೇಕು. ದಾವಣಗೆರೆಯಲ್ಲಿ ನನ್ನ ಅಮ್ಮನದೂ ಗಾಡಿಯೇ. ಮಂಡಕ್ಕಿ, ಮಿರ್ಚಿ. ಸಂಜೆ ನಾಲ್ಕೂವರೆಯಿಂದ ಒಂಬತ್ತರವರೆಗೆ. ಕಾಲೇಜಿನಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ‘ನಿನಗೆ ಕೆಲಸ ಸಿಕ್ಕ ಮೇಲೆ ಗಾಡಿ ಬೇಡ’ ಎಂದು ಅಪ್ಪ ಎರಡು ವರ್ಷದಿಂದ ಹೇಳುತ್ತಿದ್ದಾರೆ. ಅಮ್ಮ ಹ್ಞೂಂ ಅಂದದ್ದಿಲ್ಲ, ಊಹೂಂ ಅಂದದ್ದೂ ಇಲ್ಲ. ಮುಂದಿನ ವರ್ಷ ಪ್ಲೇಸ್‌ಮೆಂಟ್.

ಎರಡೂ ಊರಿಗೆ ಹನ್ನೊಂದೂವರೆ ಗಂಟೆ ವ್ಯತ್ಯಾಸ. ಅಲ್ಲಿ ಶನಿವಾರ ಬೆಳಿಗ್ಗೆ ಹತ್ತಾದರೆ ಇಲ್ಲಿ ರಾತ್ರಿ ಒಂಬತ್ತೂವರೆ, ಅಮ್ಮ ಗಾಡಿ ಮುಚ್ಚಿ ಬಂದ ಹೊತ್ತು. ಒಂದು ದಿನ ಗಾಡಿಯ ಮುಂದೆಯೇ ನಿಂತು ವಿಡಿಯೊ ಕಾಲ್ ಮಾಡಿದೆ. ‘ನನ್ನ ಅಮ್ಮನೂ ಇದೇ ಕೆಲಸ ಮಾಡ್ತಾರೆ’ ಎಂದು ಮುರುಕು ಸ್ಪ್ಯಾನಿಷ್‌ನಲ್ಲಿ ಹೇಳಿದಾಗ ಸೆನ್ಯೊರಾ ಕೈಯಲ್ಲಿದ್ದ ಹಿಟ್ಟು ಕೆಳಗಿಟ್ಟು, ಏಪ್ರನ್‌ಗೆ ಕೈ ಒರೆಸಿಕೊಂಡು ಫೋನು ಇಸಿದುಕೊಂಡರು. ಅಮ್ಮನ ಮೊದಲ ಪ್ರಶ್ನೆ: ‘ಎಷ್ಟೊತ್ತಿಗೆ ಏಳ್ತಾರಂತೆ ಕೇಳು.’ ಮೂರು ಗಂಟೆಗೆ. ನಗರದ ಹೊರಗಿನಿಂದ ಎರಡು ಬಸ್ಸು ಬದಲಿಸಿ ಬರುತ್ತಾರೆ. ‘ಮಳೆ ಬಂದ್ರೆ?’ ಟಾರ್ಪಾಲು. ‘ಉಳಿದಿದ್ದು?’ ಮನೆಯವರಿಗೆ. ಅಮ್ಮ ತಲೆಯಾಡಿಸಿದರು. ಇಂಥ ಇಂಟರ್‌ವ್ಯೂ ಪ್ಯಾನೆಲ್ಲನ್ನು ನಾನು ನೋಡಿಲ್ಲ.

ಆಮೇಲೆ ಅಮ್ಮ ಒಂದು ಮಿರ್ಚಿ ಎತ್ತಿ ತೋರಿಸಿದರು. ಸೆನ್ಯೊರಾ ಕೂಗಿದ್ದು ‘ಚೀಲೆ ರೆಯೇನೊ!’. ದೊಡ್ಡ ಪೊಬ್ಲಾನೊ ಮೆಣಸಿನಕಾಯಿಯನ್ನು ಬೆಂಕಿಯಲ್ಲಿ ಸುಟ್ಟು, ಸಿಪ್ಪೆ ತೆಗೆದು, ಚೀಸ್ ತುಂಬಿ, ನೊರೆ ಬರಿಸಿದ ಮೊಟ್ಟೆಯಲ್ಲಿ ಅದ್ದಿ ಕರಿಯುವ ತಿಂಡಿ ಅದು. ಕಡಲೆಹಿಟ್ಟಿಲ್ಲದ ಮಿರ್ಚಿ ಎಂದುಕೊಳ್ಳಿ. ಅಚ್ಚರಿ ಯಾಕೆ? ಮೆಣಸಿನಕಾಯಿಯ ತವರೇ ಅಲ್ಲಿ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂತು. ನಮ್ಮವರು ಮನೆಯಲ್ಲಿದ್ದ ಕಾಳು ಮೆಣಸಿನ ಹೆಸರಿಗೆ ಕಾಯಿ ಸೇರಿಸಿ ಕರೆದರು. ಲಾ ಮೆರ್ಸೆದ್ ಮಾರುಕಟ್ಟೆಯ ಒಣಮೆಣಸಿನಕಾಯಿ ಸಾಲಿನಲ್ಲಿ ಕೆಮ್ಮುತ್ತಾ ನಡೆದಾಗ, ಸುಕ್ಕುಗಟ್ಟಿದ ಕಡುಗೆಂಪು ರಾಶಿ ನೋಡಿ ಬ್ಯಾಡಗಿಯೇ ನೆನಪಾಯಿತು. ಸಪೋಟ ಹಣ್ಣಿನ ಊರೂ ಅದೇ. ಚಿಕ್ಕು ಅನ್ನುವ ಹೆಸರಿನ ಮೂಲ ಅಲ್ಲಿನ ‘ಚಿಕೊಸಪೋತೆ’. ನವೆಂಬರ್ 1 ಮತ್ತು 2ರಂದು ತೀರಿಕೊಂಡವರನ್ನು ನೆನೆಯುವ ಹಬ್ಬ. ಅದರ ಹಿಂದಿನ ರಾತ್ರಿಗಳಲ್ಲಿ ಹಮಾಯ್ಕಾ ಹೂವಿನ ಮಾರುಕಟ್ಟೆ ತುಂಬಾ ಚೆಂಡುಹೂ. ಅದೂ ಮೆಕ್ಸಿಕೊ ಮೂಲದ್ದೇ. ಆಯುಧಪೂಜೆಗೆ ಗಾಡಿಗೆ ನಾವು ಕಟ್ಟುವ ಹಾರ ಅಲ್ಲಿ ಸತ್ತವರಿಗೆ ದಾರಿ ತೋರಿಸುತ್ತದೆ.

ಎಲ್ಲವೂ ಚೆಂದ ಎಂದೇನಲ್ಲ. ನಗರದ ಮಧ್ಯಭಾಗದ ಕ್ವಾವ್ತೆಮೊಕ್ ಆಡಳಿತ 2022ರಲ್ಲಿ ಬೀದಿ ಗಾಡಿಗಳ ಮೇಲಿನ ಕೈಬರಹದ ಬಣ್ಣದ ಚಿತ್ರಗಳನ್ನು ಅಳಿಸಿ, ತನ್ನ ಲಾಂಛನ ಹಾಕಿಸಿತು. ಅಂದಚೆಂದದ ಹೆಸರಿನಲ್ಲಿ. ಕಲಾವಿದರು, ಜನ ಪ್ರತಿಭಟಿಸಿದರು. ಇದನ್ನು ಅಮ್ಮನಿಗೆ ಹೇಳಿದಾಗ ‘ಗಾಡಿ ಎತ್ತಿಸಲಿಲ್ಲವಲ್ಲ, ಬಿಡು’ ಅಂದರು. ಹಾಗೆ ಹೇಳಲು ಅವರಿಗೆ ಕಾರಣವಿದೆ.

ಊರಿಗೆ ಬಂದ ವಾರ ಅಮ್ಮ ಸ್ಟವ್ ಉರಿಯ ಮೇಲೆ ಮೆಣಸಿನಕಾಯಿ ಸುಟ್ಟು ನೋಡಿದರು. ತೆಳು ಕಾಯಿ, ಸಿಪ್ಪೆ ಬಿಡುವ ಬದಲು ಹರಿದೇ ಹೋಯಿತು. ಮೂರು ಕಾಯಿ ಹಾಳಾದ ಮೇಲೆ ಎಂದಿನಂತೆ ಸೀಳಿ, ಹಿಟ್ಟಿಗೆ ಅದ್ದಿ ಬಾಣಲೆಗೆ ಬಿಟ್ಟರು. ‘ನಮ್ಮ ಕಾಯಿಗೆ ಅದು ಆಗಲ್ಲ ಅಂತ ಆ ಯಮ್ಮಂಗೆ ಹೇಳು’ ಅಂದರು. ಶನಿವಾರ ಫೋನು ಮಾಡಿ ಹೇಳಿದೆ. ಹಾಗಾದರೆ ದಪ್ಪ ಕಾಯಿ ಹುಡುಕಲು ಹೇಳು ಎಂದರು ಸೆನ್ಯೊರಾ. ಅಮ್ಮ ಈಗ ಮಾರ್ಕೆಟ್‌ನಲ್ಲಿ ಡೊಣ್ಣೆಮೆಣಸಿನಕಾಯಿಯ ರೇಟು ವಿಚಾರಿಸುತ್ತಿದ್ದಾರೆ.