ಹನ್ನೆರಡು ಕೊಡೆಗಳ ಊರು

ನಮ್ಮ ಮನೆಯಲ್ಲಿ ಮದುವೆ ಮುಂಜಿಗಳ ಮಾತು ಎದ್ದಾಗಲೆಲ್ಲ ಮೊದಲು ಒಂದು ತೆಂಗಿನಕಾಯಿಯನ್ನು ಗೋವೆಯ ಕವಳೆಯ ಶಾಂತಾದುರ್ಗೆಯ ಹೆಸರಿನಲ್ಲಿ ತೆಗೆದಿರಿಸುತ್ತಿದ್ದರು. ಕಾರ್ಕಳದ ಕೊಂಕಣಿ ಮನೆಯಲ್ಲಿ ಬೆಳೆದ ನನಗೆ ಗೋವೆಯೆಂದರೆ ಕುಲದೇವಿಯ ವಿಳಾಸ, ಅಷ್ಟೆ. ಆ ವಿಳಾಸವೂ ಮೂಲದ್ದಲ್ಲವೆಂದು ತಿಳಿದದ್ದು ಬಹಳ ತಡವಾಗಿ.

ದೇವಿಯ ಮೊದಲ ನೆಲೆ ಸಾಸಷ್ಟಿಯ ಕೆಳೋಶಿ. 1543ರಲ್ಲಿ ಸಾಸಷ್ಟಿ, ಬಾರ್ದೇಶಗಳು ಪೋರ್ಚುಗೀಸರ ವಶವಾದವು. 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ ಬಂದಿತು. ಆ ದಶಕದಲ್ಲಿ ದೇಗುಲಗಳು ಉರುಳತೊಡಗಿದಾಗ ಭಕ್ತರು ಮೂರ್ತಿಯನ್ನು ಹೊತ್ತು ಜುವಾರಿ ನದಿಯ ಆಚೆಗೆ ಸಾಗಿಸಿದರು. ಆಗ ಆ ಸೀಮೆ ಬಿಜಾಪುರದ ಆದಿಲಶಾಹಿಯದು. ಕ್ರೈಸ್ತ ದೊರೆಗೆ ಅಂಜಿ ಊರು ಬಿಟ್ಟ ದೇವಿಗೆ ಆಸರೆ ದೊರೆತದ್ದು ಮುಸಲ್ಮಾನ ದೊರೆಯ ನೆಲದಲ್ಲಿ. ಇಂಥ ಕಥೆಗಳನ್ನು ಆವೇಶದಿಂದ ಹೇಳುವವರು ಈ ಒಂದು ಸಂಗತಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ದೇವಿಯೊಂದಿಗೆ ಕೆಲವರು ಹೋದರು, ಕೆಲವರು ಕನ್ನಡ ಕರಾವಳಿಗೆ ಇಳಿದರು, ಕೆಲವರು ಜ್ಞಾನಸ್ನಾನ ಪಡೆದು ಇದ್ದಲ್ಲಿಯೇ ಉಳಿದರು. ಹಾಗೆ ಉಳಿದವರ ಸಂತತಿಯಲ್ಲಿಯೂ ಅನೇಕರು ಮುಂದೆ ಮಂಗಳೂರಿನ ಕಡೆಗೆ ಬಂದರು. ಒಂದೇ ನಾಡನ್ನು ಬಿಟ್ಟವರು ಇಲ್ಲಿ ಎರಡು ಮತಗಳವರಾಗಿ ನೆರೆಹೊರೆಯಾದುದು ಹೀಗೆ.

ಈ ಒಡಕನ್ನೂ ಬೆಸುಗೆಯನ್ನೂ ಒಟ್ಟಿಗೇ ಕಾಣಬೇಕಾದರೆ ಅದೇ ಸಾಸಷ್ಟಿಯ ಕುಂಕಳ್ಳಿಗೆ ಹೋಗಬೇಕು. 1583ರ ಜುಲೈ ತಿಂಗಳಲ್ಲಿ ಇಗರ್ಜಿ ಕಟ್ಟಲು ಸ್ಥಳ ನೋಡಲೆಂದು ಬಂದ ಐವರು ಜೆಸುಯಿಟ್ ಪಾದ್ರಿಗಳನ್ನು ಊರವರು ಕೊಂದರು. ಅವರ ಮುಖಂಡ ರುಡಾಲ್ಫ್ ಅಕ್ವವೀವ, ಅಕ್ಬರನ ಆಸ್ಥಾನದಲ್ಲಿ ಧರ್ಮಚರ್ಚೆ ನಡೆಸಿ ಆಗಷ್ಟೇ ಹಿಂದಿರುಗಿದ್ದ ಪಂಡಿತ. ಬಳಿಕ ಕುಂಕಳ್ಳಿಯ ನಾಯಕರನ್ನು ಸಂಧಾನಕ್ಕೆಂದು ಅಸೋಳ್ಣೆಯ ಕೋಟೆಗೆ ಕರೆಸಿ ಕೊಲ್ಲಲಾಯಿತು. ಒಬ್ಬನು ಮಾತ್ರ ಹಾರಿ ತಪ್ಪಿಸಿಕೊಂಡನೆಂದು ಊರಿನ ನೆನಪು. ಕುಂಕಳ್ಳಿಯ ಶಾಂತಾದುರ್ಗೆಯೂ ನೆರೆಯ ಫಾತರ್ಪೆಗೆ ವಲಸೆ ಹೋದಳು.

ಇಷ್ಟು ರಕ್ತ ಹರಿದ ಊರಿನಲ್ಲಿ ಫಾಲ್ಗುಣ ಮಾಸದಲ್ಲಿ ನಡೆಯುವುದೇನು? ದೇವಿ ಫಾತರ್ಪೆಯಿಂದ ತನ್ನ ತವರಿಗೆ ಬರುತ್ತಾಳೆ. ಅವಳೊಂದಿಗೆ ಹನ್ನೆರಡು ಬಣ್ಣದ ಕೊಡೆಗಳು, ಗುಲಾಲಿನ ಮೋಡ. ಆ ಕೊಡೆಗಳು ಊರಿನ ಹನ್ನೆರಡು ವಾಂಗಡಗಳವು, ಎಂದರೆ ಮೂಲ ಮನೆತನಗಳವು. ಅದೇ ಮನೆತನಗಳ ಕ್ರೈಸ್ತ ಶಾಖೆಯವರೂ ಮೆರವಣಿಗೆಯಲ್ಲಿ ಸೇರುತ್ತಾರೆ. ಮತ ಬದಲಾಯಿತು, ಮನೆತನ ಬದಲಾಗಲಿಲ್ಲ. ನಾನು ಬೆರಗಿನಿಂದ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರನ್ನು, “ಹಾಗಾದರೆ ಈ ಎರಡು ಮತದವರಲ್ಲಿ ಹೆಣ್ಣು ಕೊಟ್ಟು ತರುವುದುಂಟೇ?” ಎಂದು ಕೇಳಿದೆ. “ಜಾತ್ರೆ ಊರಿನದು ಬಾಬಾ, ಮದುವೆ ಮನೆಯದು” ಎಂದು ಅವರು ಮುಖ ತಿರುಗಿಸಿ ಗುಲಾಲು ಎರಚತೊಡಗಿದರು.

ಆ ಉತ್ತರದಲ್ಲಿ ಗೋವೆಯ ಸಮಾಜದ ಕೀಲಿಕೈ ಇದೆಯೆಂದು ನನ್ನ ತಿಳಿವಳಿಕೆ. ಮತಾಂತರವು ಜಾತಿಯನ್ನು ಅಳಿಸಲಿಲ್ಲ. ಕಥೋಲಿಕರಲ್ಲಿಯೂ ಬಾಮಣರು, ಚಾರ್ಡೊಗಳು ಉಳಿದರು. ಹರಕೆ, ಎಣ್ಣೆ, ಹೂವು, ಮೇಣದಬತ್ತಿ ಇವು ಮತದ ಗಡಿಯನ್ನು ಸಲೀಸಾಗಿ ದಾಟುತ್ತವೆ, ಏಕೆಂದರೆ ಅವುಗಳಿಂದ ಯಾರ ವಂಶಾವಳಿಯೂ ಕದಲುವುದಿಲ್ಲ. ಮದುವೆಯಿಂದ ಕದಲುತ್ತದೆ. ಇದು ಹೊರಗಿನವರಿಂದ ಬಂದ ಗೋಡೆಯಷ್ಟೇ ಅಲ್ಲ, ನಾವೇ ಹೊತ್ತು ತಂದದ್ದೂ ಹೌದು.

ನಾವು ಅದನ್ನು ಕಾರ್ಕಳಕ್ಕೂ ತಂದೆವು. ನನ್ನ ದೊಡ್ಡಪ್ಪ ಪ್ರತಿ ಜನವರಿಯಲ್ಲಿ ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೆ ತಪ್ಪದೆ ಹೋಗಿ ಮೇಣದಬತ್ತಿ ಹಚ್ಚುತ್ತಿದ್ದರು. 1978ರಲ್ಲಿ ಅವರ ಮಗಳು, ನನ್ನ ಅಕ್ಕ, ಕಥೋಲಿಕ ಹುಡುಗನೊಬ್ಬನನ್ನು ವರಿಸಿದಳು. ಗೋವೆಯಲ್ಲಾದರೆ 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯ ಪರಂಪರೆಯಿಂದಾಗಿ ಯಾವ ಮತದವರ ಮದುವೆಗೂ ನೋಂದಣಿ ಕಡ್ಡಾಯ. ಕಚೇರಿಯ ಮೆಟ್ಟಿಲು ಹತ್ತಿದವರನ್ನು ಯಾರೂ ಬೆರಳು ಮಾಡಿ ತೋರಿಸುವುದಿಲ್ಲ. ನಮ್ಮಲ್ಲಿ 1954ರ ವಿಶೇಷ ವಿವಾಹ ಕಾಯಿದೆ. ಅದರ ಮೇರೆಗೆ ಮೂವತ್ತು ದಿನಗಳ ನೋಟೀಸನ್ನು ಗೋಡೆಗೆ ಅಂಟಿಸುತ್ತಾರೆ. ಅದನ್ನು ಓದಿದ ಪರಿಚಿತರೊಬ್ಬರು ಮನೆಗೆ ಬಂದು ಹೇಳಿದ ಮೇಲೆಯೇ ದೊಡ್ಡಪ್ಪನಿಗೆ ತಿಳಿದದ್ದು.

ಹುಡುಗನ ಮನೆಯ ರೋಸಿಗೆ ನಮ್ಮ ಕಡೆಯಿಂದ ಹೋದವನು ನಾನೊಬ್ಬನೇ. ರೋಸ್ ಎಂದರೆ ಮದುವೆಯ ಮುನ್ನಾದಿನ ತೆಂಗಿನಕಾಯಿ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ. 1736ರಲ್ಲಿ ಗೋವೆಯ ಇನ್‌ಕ್ವಿಸಿಷನ್ ಒಂದು ಆಜ್ಞೆ ಹೊರಡಿಸಿ ಕ್ರೈಸ್ತರ ಮದುವೆಗಳಲ್ಲಿ ಅರಸಿನ, ವೀಳ್ಯ, ಹಾಡುಗಳನ್ನು ನಿಷೇಧಿಸಿತ್ತು. ಅದನ್ನೆಲ್ಲ ದಾಟಿ ಬಂದ ತೆಂಗಿನ ಹಾಲನ್ನು ಮುದುಕಿಯರು ಹಾಡುತ್ತ ಹಚ್ಚುತ್ತಿದ್ದರು. ನಮ್ಮ ಮನೆಯ ಅರಸಿನೆಣ್ಣೆಯ ಶಾಸ್ತ್ರವೇ ಕಣ್ಮುಂದೆ ನಡೆಯುತ್ತಿದೆ ಎನ್ನಿಸಿತು.

ಅಕ್ಕನ ಹೆಸರು ದೊಡ್ಡಪ್ಪನ ಬಾಯಲ್ಲಿ ಆರು ವರ್ಷ ಬರಲಿಲ್ಲ. ಅತ್ತೂರಿಗೆ ಹೋಗುವುದನ್ನು ಮಾತ್ರ ಅವರು ಬಿಡಲಿಲ್ಲ. ಏಳನೆಯ ವರ್ಷ ಅಲ್ಲಿಯ ಜನಸಂದಣಿಯಲ್ಲಿ ಅಕ್ಕ ಮಗುವಿನ ಕೈ ಹಿಡಿದು ಎದುರಾದಳು. ದೊಡ್ಡಪ್ಪ ಸ್ವಲ್ಪ ಹೊತ್ತು ನಿಂತು, ಮಗುವಿಗೆ ಕೊಂಕಣಿಯಲ್ಲಿ ಹೆಸರೇನೆಂದು ಕೇಳಿದರು. ಕೈಯಲ್ಲಿದ್ದ ಎರಡು ಮೇಣದಬತ್ತಿಗಳಲ್ಲಿ ಒಂದನ್ನು ಅದಕ್ಕೆ ಕೊಟ್ಟರು. ಆಮೇಲೆ ನಾವು ಬೇರೆ ಬೇರೆ ಬಸ್ಸುಗಳಲ್ಲಿ ಮನೆಗೆ ಮರಳಿದೆವು.