ಹಳೆಯ ಸೀರೆಯ ಕೌದಿ

ಪತ್ತನಾಜೆ ಕಳೆದು ಮಳೆಗಾಲವು ಮೊದಲಾಯಿತೆಂದರೆ ಮಂಗಳೂರಿನ ಮನೆಗಳಲ್ಲಿ ಬಟ್ಟೆಬರೆಯ ಚಿಂತೆಯು ತಲೆದೋರುವುದು. ವರ್ಷಕ್ಕೆ 3,500 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿದು. ಅದರ ಬಹುಪಾಲು ಜೂನಿನಿಂದ ಸಪ್ಟೆಂಬರದೊಳಗೇ ಬೀಳುವುದು. ಒಗೆದುದು ಒಣಗದು. ಹತ್ತಿ ತುಂಬಿದ ರಜಾಯಿಯು ತೇವವನ್ನು ಹೀರಿ ಬೂಸಲು ಹಿಡಿಯುವುದು. ಉಣ್ಣೆಯ ಕಂಬಳಿಯೋ, ಕರಾವಳಿಯ ಸೆಕೆಗೆ ಹೊರಲಾರದ ಭಾರ. ಇಂತಹ ಹವೆಗೆ ತಕ್ಕುದೆಂದರೆ, ಹಳೆಯ ನೂಲಿನ ಸೀರೆಗಳನ್ನು ಪದರಪದರವಾಗಿ ಹಾಸಿ ಕೈಯಿಂದ ಹೊಲಿದ ಕೌದಿ. ಕೊಂಕಣಿ ಮಾತನಾಡುವ ಮನೆಗಳಲ್ಲಿ ಇದನ್ನೇ ವಾಕಳವೆನ್ನುವರು. ಒಳಗೆ ಹತ್ತಿಯಿಲ್ಲದ ಕಾರಣ ಒಂದು ಹೊತ್ತಿನ ಬಿಸಿಲು ಸಿಕ್ಕಿದರೂ ಒಣಗಿಬಿಡುವುದು.

ಬಟ್ಟೆಯ ವಿಷಯದಲ್ಲಿ ನಮ್ಮೂರು ಹೆಸರಿಲ್ಲದ ಊರಲ್ಲ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರು 1844ರಲ್ಲಿ ಕೈಮಗ್ಗಗಳನ್ನು ಹೂಡಿದರು. 1851ರಲ್ಲಿ ಬಂದ ಹಾಲರ್ ಎಂಬವರು ಖಾಕಿ ಬಣ್ಣವನ್ನು ಇಲ್ಲಿಯೇ ಸಿದ್ಧಪಡಿಸಿದರೆಂಬುದು ಊರಿನವರ ಹೆಮ್ಮೆ. ವಾಯವ್ಯ ಗಡಿಯ ಸೈನಿಕರು ಅದಕ್ಕೂ ಮೊದಲೇ ಧೂಳುಬಣ್ಣದ ಉಡುಪನ್ನು ತೊಟ್ಟಿದ್ದರೆಂಬುದೂ ನಿಜವೇ. ಆ ವಾದವು ನಮಗೆ ಬೇಡ. ಮಿಶನ್ನಿನ ಮಗ್ಗಗಳ ಸದ್ದು ಅಡಗಿ ಬಹುಕಾಲವಾಯಿತು. ಆದರೆ ಕಿನ್ನಿಗೋಳಿಯ ಬಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಉಡುಪಿ ಸೀರೆಯನ್ನು ಈಗಲೂ ನೇಯುವರು. ಆ ಸೀರೆಗೆ 2016ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಉಟ್ಟು ಉಟ್ಟು ಮೆತ್ತಗಾದ ಅಂತಹ ಸೀರೆಗಿಂತ ಕೌದಿಗೆ ಒಳ್ಳೆಯ ಅರಿವೆಯು ನನಗೆ ತಿಳಿದಂತೆ ಇನ್ನೊಂದಿಲ್ಲ.

ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾಗಿ ನಾಡಿನ ಎಷ್ಟೋ ಕೈಗೆಲಸಗಳಿಗೆ ಪೇಟೆಯನ್ನು ಒದಗಿಸಿದರು. ನಮ್ಮ ಮನೆಯ ಕೌದಿಯಾದರೋ ಪೇಟೆಗೆ ಹೋಗುವ ವಸ್ತುವಲ್ಲ. ತಾಯಿಯ ಕೈಯಿಂದ ಮಗಳ ಕೈಗೆ ದಾಟದಿದ್ದರೆ ಅದು ಅಲ್ಲಿಗೇ ನಿಂತುಹೋಗುವುದು.

ಮೊದಲಿಗೆ ಮಗುವಿಗೆ ಹಾಸುವ ಕೌದಿಯನ್ನು ಹೊಲಿದು ನೋಡಿರಿ. ಒಂದೇ ಸೀರೆ ಸಾಕು. ಐದೂವರೆ ಗಜದ ಸೀರೆಯನ್ನು ಉದ್ದಕ್ಕೆ ಎರಡಾಗಿ, ಮತ್ತೆ ಎರಡಾಗಿ ಮಡಚಿದರೆ ಸುಮಾರು 49 ಇಂಚು ಉದ್ದ, 45 ಇಂಚು ಅಗಲದ ನಾಲ್ಕು ಪದರಗಳಾಗುವುವು. ಸೀರೆಯು ಅಪ್ಪಟ ನೂಲಿನದಾಗಿರಬೇಕು. ಈಗ ಪೆಟ್ಟಿಗೆ ತುಂಬ ಸಿಗುವ ಪಾಲಿಯೆಸ್ಟರಿನ ಸೀರೆಗಳು ಸೂಜಿಯ ಕೆಳಗೆ ಜಾರುವುವು, ಬೆವರನ್ನೂ ತೇವವನ್ನೂ ಹೀರವು. ಜರಿಯ ಅಂಚಿದ್ದರೆ ಕತ್ತರಿಸಿ ತೆಗೆಯಬೇಕು. ಗಂಜಿಯೆಲ್ಲ ಬಿಡುವಂತೆ ಒಗೆದು, ಒಣಗಿಸಿ, ನೆಲದ ಮೇಲೆ ಸುಕ್ಕಿಲ್ಲದೆ ಹಾಸಿ, ಬಿಡಿ ಅಂಚುಗಳನ್ನು ಒಂದು ಬೆರಳಿನಷ್ಟು ಒಳಕ್ಕೆ ಮಡಚಿರಿ. ನಡುವೆ ಅಡ್ಡಕ್ಕೊಂದು, ಉದ್ದಕ್ಕೊಂದು ಕಚ್ಚಾ ಹೊಲಿಗೆ ಹಾಕಿದರೆ ಪದರಗಳು ಸರಿಯುವುದಿಲ್ಲ.

ಬಳಿಕ ಅಂಚಿನಿಂದ ಮೊದಲುಮಾಡಿ ಸುತ್ತುಸುತ್ತಾಗಿ ನಡುವಿನ ಕಡೆಗೆ ಸಾದಾ ಹೊಲಿಗೆಯನ್ನು ಹಾಕುತ್ತ ಬರಬೇಕು. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ. ಒಂದು ಇಂಚಿಗೆ ಮೂರು ನಾಲ್ಕು ಹೊಲಿಗೆ. ನೂಲಿನ ಗಂಟು ಪದರಗಳ ನಡುವೆ ಅಡಗಿರಲಿ. ಹೊರಗೆ ಉಳಿದರೆ ಎಳೆಯ ಮೈಗೆ ಒತ್ತುವುದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಡೆಯ ಸಿದ್ದಿ ಮಹಿಳೆಯರೂ ಹೀಗೆಯೇ ಅಂಚಿನಿಂದ ಒಳಕ್ಕೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸುತ್ತ ಬರುವರು. ನಾಲ್ಕು ಮೂಲೆಗಳಲ್ಲಿ ಮಡಚಿದ ಅರಿವೆಯ ಹೂವನ್ನಿಡದೆ ಅವರಿಗೆ ಕೌದಿಯು ಮುಗಿದಂತಾಗದು. ಹೊಲಿಗೆಯ ಯಂತ್ರದಿಂದ ಈ ಕೆಲಸವನ್ನು ಬೇಗನೆ ಮಾಡಬಹುದೆನ್ನುವವರಿದ್ದಾರೆ. ಮಾಡಬಹುದು, ಆದರೆ ಯಂತ್ರದ ಬಿಗಿಯಾದ ಸಾಲುಗಳಿಂದ ಬಟ್ಟೆಯು ಬಿರುಸಾಗಿ, ಕೌದಿಯ ಮೆತುವು ಹೋಗಿಬಿಡುವುದು.

ನನ್ನ ಮೊದಲ ಕೌದಿಯು ಕೆಟ್ಟುದು ಬೇರೆ ಕಾರಣದಿಂದ. ಅಡಿಗೆ ಗಟ್ಟಿಯಾಗಿರಲೆಂದು ಹೊಸ ಕೋರಾ ಬಟ್ಟೆಯನ್ನು ಒಗೆಯದೆಯೇ ಕೂಡಿಸಿದ್ದೆನು. ಮೊದಲ ಒಗೆತದಲ್ಲಿಯೇ ಅದು ಕುಗ್ಗಿ, ಮೇಲಿನ ಸೀರೆಯೆಲ್ಲ ಹಪ್ಪಳದಂತೆ ಉಬ್ಬಿ ನಿಂತಿತು. ಅಜ್ಜಿಯವರು ನಗಲಿಲ್ಲ. ಸಾಲುಗಳನ್ನು ಬಿಚ್ಚಲು ಜತೆಯಲ್ಲಿ ಕುಳಿತರು. "ಹೊಲಿಯುವಾಗ ನೂಲು ಎಳೆಯಬೇಡ ಮಗಾ, ಅದರಷ್ಟಕ್ಕೆ ಹೋಗಲಿ" ಎಂದಷ್ಟೇ ಹೇಳಿದರು.

ಅಜ್ಜ ತೀರಿಕೊಂಡ ವರ್ಷ ಅವರ ಪಂಚೆಗಳನ್ನು ಅಜ್ಜಿಯವರು ಯಾರಿಗೂ ಕೊಡಗೊಡಲಿಲ್ಲ. ವರ್ಷಾಂತಿಕವು ಕಳೆದ ಮೇಲೆ ಆರು ಪಂಚೆಗಳನ್ನು ತೆಗೆದು, ಮೇಲೂ ಕೆಳಗೂ ತಮ್ಮ ಸೀರೆಯ ತುಂಡುಗಳನ್ನಿಟ್ಟು ಹೊಲಿಯತೊಡಗಿದರು. ಮನೆಯಲ್ಲಿ ಹುಟ್ಟುವ ಮುಂದಿನ ಮಗುವಿಗೆ ಎಂದರು. ಹುಟ್ಟುವ ಮೊದಲು ಮಗುವಿಗೆ ಹೊಸ ಬಟ್ಟೆಯನ್ನು ಸಿದ್ಧಪಡಿಸಬಾರದೆಂಬ ನಂಬಿಕೆಯು ಅನೇಕ ಮನೆಗಳಲ್ಲುಂಟು. ಹಳೆಯದಕ್ಕೆ ಆ ಅಡ್ಡಿಯಿಲ್ಲ. ಎರಡು ಮಳೆಗಾಲ ಹೊಲಿದರು. ಮೂರನೆಯದರಲ್ಲಿ ಕಣ್ಣಿಗೆ ಪೊರೆ ಬಂದು ಸೂಜಿಗೆ ನೂಲು ಪೋಣಿಸಲು ನನ್ನನ್ನು ಕರೆಯುತ್ತಿದ್ದರು; ನಾಲ್ಕನೆಯ ಮಳೆಗಾಲವನ್ನು ಅವರು ಕಾಣಲಿಲ್ಲ. ಕೌದಿಯ ನಡುವೆ ಎರಡು ಗೇಣಿನಷ್ಟು ಬರಿದಾಗಿ ಉಳಿದಿತ್ತು.

ಬಹುಕಾಲ ಅದನ್ನು ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಅವರ ಹೊಲಿಗೆ ಎಲ್ಲಿ ನಿಂತಿತು, ನನ್ನದು ಎಲ್ಲಿ ಮೊದಲಾಯಿತೆಂಬುದು ಯಾರು ನೋಡಿದರೂ ತಿಳಿಯುವುದು; ಅವರ ಸಾಲು ನೇರ, ನನ್ನದು ಸೊಟ್ಟ. ಸೋಣ ತಿಂಗಳಲ್ಲಿ ತಂಗಿಗೆ ದಿನ ತುಂಬುವುದೆಂದು ತಿಳಿದ ಮೇಲೆ ಈ ಆಟಿಯಲ್ಲಿ ತೆಗೆದು ಕುಳಿತಿದ್ದೇನೆ. ಹೊರಗೆ ಮಳೆ ಬಿಡುವಿಲ್ಲದೆ ಸುರಿಯುತ್ತಿರುವುದರಿಂದ ಬೆಳಕು ಸಾಲದು. ಮಧ್ಯಾಹ್ನದ ಹೊತ್ತು ಕಿಟಕಿಯ ಬಳಿ ದಿನಕ್ಕೆ ಎರಡು ಸುತ್ತು ಮಾತ್ರ ಆಗುವುದು. ಇನ್ನು ಒಂದು ಗೇಣು ಉಳಿದಿದೆ.